ಬಿಟ್ಟ ಸ್ಥಳ ತುಂಬಿರಿ

ನಾನು ಕನ್ನಡದ ಮೇಷ್ಟ್ರು. ಮಳೆಯ ವಿಷಯದಲ್ಲಿ ನನಗಿರುವ ಅಧಿಕಾರವೆಂದರೆ, ಕೊಡೆಯನ್ನು ಸ್ಟಾಫ್ ರೂಮಿನಲ್ಲಿ ಮರೆತು ಅನೇಕ ಸಲ ನೆನೆದು ಮನೆಗೆ ಬಂದಿದ್ದೇನೆ ಎಂಬುದಷ್ಟೆ. ಆದರೂ ಹೋದ ವರ್ಷ ಮಳೆಯ ಲೆಕ್ಕದ ಒಂದು ಪ್ರಶ್ನೆ ನನ್ನ ಬಳಿಗೆ ಬಂತು. ಬಂದದ್ದು ನನ್ನ ಪಾಂಡಿತ್ಯವನ್ನು ಅರಸಿಕೊಂಡಲ್ಲ, ಕಾಗುಣಿತ ತಿದ್ದಿಸಿಕೊಳ್ಳುವುದಕ್ಕೆ.

ಈಗ ಕಾಲೇಜುಗಳಲ್ಲಿ ಪದವಿಯ ಕಡೆಯ ವರ್ಷದ ಹುಡುಗರು ಒಂದು ಕಿರುಸಂಶೋಧನೆ ಮಾಡುವ ಪದ್ಧತಿ ಬಂದಿದೆ. ಅವರು ಅದನ್ನು ಪ್ರಾಜೆಕ್ಟು ಎನ್ನುತ್ತಾರೆ. ಬಹುಪಾಲು ಪ್ರಾಜೆಕ್ಟುಗಳ ಹಣೆಬರಹ ನನಗೆ ಗೊತ್ತು: ರೆಕ್ಸಿನ್ ರಟ್ಟು, ಚಿನ್ನದ ಬಣ್ಣದ ಅಕ್ಷರ, ಮೂರು ಪ್ರತಿ, ಒಂದು ಸಹಿ, ಆಮೇಲೆ ವಿಭಾಗದ ಕಪಾಟು. ಕಪಾಟು ಸೇರಿದ ಮೇಲೆ ಅದನ್ನು ಓದುವವರು ಗೆದ್ದಲುಗಳು ಮಾತ್ರ. ಅವು ಯಾವ ವಿಷಯಕ್ಕೂ ಪಕ್ಷಪಾತ ಮಾಡುವುದಿಲ್ಲ. ಭೂಗೋಳದ ವಿಭಾಗದ ಒಬ್ಬ ಹುಡುಗಿ ನಮ್ಮ ತಾಲೂಕಿನ ನಲವತ್ತು ವರ್ಷಗಳ ಮಳೆಯನ್ನು ಕುರಿತು ಬರೆದಿದ್ದಳು. ಹವಾಮಾನ ಬದಲಾಗುತ್ತಿದೆಯೆಂದು ಎಲ್ಲರೂ ಹೇಳುತ್ತಾರಲ್ಲ, ನಮ್ಮ ಊರಿನ ಮಟ್ಟಿಗೆ ಆ ಮಾತು ಎಷ್ಟು ನಿಜ ಎಂದು ನೋಡುವುದು ಅವಳ ಉದ್ದೇಶ. ಒಳ್ಳೆಯ ಉದ್ದೇಶವೇ. ಬರಹದಲ್ಲಿ ಅಲ್ಪಪ್ರಾಣ ಮಹಾಪ್ರಾಣಗಳ ತೊಡಕು ಇದ್ದುದರಿಂದ ಹಸ್ತಪ್ರತಿ ನನ್ನ ಮೇಜಿಗೆ ಬಂತು.

ಮಳೆಮಾಪಕವೆಂದರೆ ದೊಡ್ಡ ಯಂತ್ರವೇನೂ ಅಲ್ಲ. ಬಯಲಿನಲ್ಲಿ ನೆಟ್ಟ ಒಂದು ಆಲಿಕೆ, ಅದರ ಕೆಳಗೆ ನೀರು ತುಂಬಿಕೊಳ್ಳುವ ಒಂದು ಪಾತ್ರೆ, ಅಳೆಯುವುದಕ್ಕೆ ಗೆರೆ ಹಾಕಿದ ಒಂದು ಗಾಜಿನ ಜಾಡಿ. ದಿನಾ ಬೆಳಿಗ್ಗೆ ಎಂಟೂವರೆಗೆ ಯಾರಾದರೊಬ್ಬರು ಹೋಗಿ, ಹಿಂದಿನ ಇಪ್ಪತ್ತನಾಲ್ಕು ಗಂಟೆಗಳಲ್ಲಿ ಬಿದ್ದ ನೀರನ್ನು ಅಳೆದು ರಿಜಿಸ್ಟರಿನಲ್ಲಿ ಬರೆಯಬೇಕು. ೨.೫ ಮಿಲಿಮೀಟರ್ ಅಥವಾ ಅದಕ್ಕೆ ಮೀರಿ ಬಿದ್ದರೆ ಅದು ಮಳೆಯ ದಿನ, ಕಡಿಮೆಯಾದರೆ ಅಲ್ಲ. ಇಷ್ಟೇ ವಿದ್ಯೆ. ಆದರೆ ಈ ವಿದ್ಯೆಗೆ ಬೇಕಾದ ಒಂದು ಗುಣ ಬಹಳ ಅಪರೂಪದ್ದು: ಮಳೆ ಸುರಿಯುತ್ತಿರುವಾಗಲೂ ಎಂಟೂವರೆಗೆ ಬಯಲಿಗೆ ಹೋಗುವುದು. ನಲವತ್ತು ವರ್ಷ, ದಿನವೂ.

ಹುಡುಗಿ ಆ ಹಳೆಯ ರಿಜಿಸ್ಟರುಗಳನ್ನು ಹುಡುಕಿ ಹದಿನಾಲ್ಕು ಸಾವಿರಕ್ಕೂ ಮೀರಿದ ಅಂಕಿಗಳನ್ನು ಕೈಯಿಂದ ನಕಲು ಮಾಡಿದ್ದಳು. ಹಾಗೆ ಮಾಡಿದವರಿಗೆ ಕಾಣುವುದು ಬೇರೆಯವರಿಗೆ ಕಾಣುವುದಿಲ್ಲ. "ಸಾರ್, ನಮ್ಮ ತಾಲೂಕಿನಲ್ಲಿ ಮೂರು ವರ್ಷ ಭಾನುವಾರ ಮಳೆಯೇ ಬಂದಿಲ್ಲ" ಎಂದಳು. ನಾನು ನಕ್ಕೆ. ಅವಳು ನಗಲಿಲ್ಲ. "ಸೋಮವಾರ ಮಾತ್ರ ಡಬಲ್ ಬಂದಿದೆ ಸಾರ್" ಎಂದಳು. ಅಳೆಯುವವನಿಗೆ ರಜೆಯಿದ್ದ ದಿನ ಇಂದ್ರನಿಗೂ ರಜೆ.

ಆಮೇಲೆ ತೊಂಬತ್ತರ ದಶಕದ ಒಂದು ಜುಲೈ ತಿಂಗಳು. ಅದರಲ್ಲಿ ಹನ್ನೊಂದು ದಿನ ಏನೂ ಬರೆದಿರಲಿಲ್ಲ. ಸೊನ್ನೆಯಲ್ಲ, ಖಾಲಿ. ಅಳೆಯುವವನಿಗೆ ಜ್ವರವೋ, ಮಗಳ ಮದುವೆಯೋ, ಯಾರಿಗೆ ಗೊತ್ತು? ಅವಳು ಅಕ್ಕಪಕ್ಕದ ಎರಡು ಕೇಂದ್ರಗಳ ಮಳೆಯನ್ನು ಕೂಡಿಸಿ, ಸರಾಸರಿ ತೆಗೆದು, ಹನ್ನೊಂದು ಮನೆಗಳನ್ನೂ ತುಂಬಿದ್ದಳು. ಇದನ್ನು ನನ್ನಿಂದ ಮುಚ್ಚಿಡಲಿಲ್ಲ. ಎಷ್ಟು ಕಷ್ಟಪಟ್ಟು ಲೆಕ್ಕ ಮಾಡಿದೆ ಎಂದು ಹೆಮ್ಮೆಯಿಂದಲೇ ಹೇಳಿದಳು. ಕೋಷ್ಟಕದ ತಲೆಯ ಮೇಲೆ 'ದಾಖಲಾದ ಮಳೆ' ಎಂದು ಬರೆದಿತ್ತು. ವ್ಯಾಕರಣದ ದೃಷ್ಟಿಯಿಂದ ಆ ಮಾತಿನಲ್ಲಿ ತಪ್ಪೇನೂ ಇಲ್ಲ. ನನ್ನ ಕೆಂಪು ಪೆನ್ನು ಮಾತ್ರ ಅಲ್ಲಿ ನಿಂತಿತು.

"ಈ ಹನ್ನೊಂದು ದಾಖಲಾಗಿಲ್ಲವಲ್ಲಮ್ಮ" ಎಂದೆ.

"ಮಳೆಯಂತೂ ಬಂದಿರುತ್ತಲ್ಲ ಸಾರ್. ಜುಲೈ ತಿಂಗಳು. ಖಾಲಿ ಬಿಟ್ಟರೆ ಗ್ರಾಫು ತುಂಡಾಗುತ್ತೆ. ಮಾರ್ಕ್ಸ್ ಕಳೀತಾರೆ." ಸ್ವಲ್ಪ ತಡೆದು, "ಇದನ್ನು ಯಾರು ಓದ್ತಾರೆ ಸಾರ್?" ಎಂದಳು.

ಈ ಕಡೆಯ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಕಪಾಟು ನನ್ನ ಬೆನ್ನಿನ ಹಿಂದೆಯೇ ಇತ್ತು.

ಅವಳನ್ನು ದೂರುವುದು ಸುಲಭ. ಆದರೆ ನಾವು ಮಕ್ಕಳಿಗೆ ಮೊದಲನೆಯ ತರಗತಿಯಿಂದ ಕಲಿಸುವುದೇನು? 'ಬಿಟ್ಟ ಸ್ಥಳಗಳನ್ನು ತುಂಬಿರಿ.' ನಾನೇ ಎಷ್ಟು ಪ್ರಶ್ನೆಪತ್ರಿಕೆಗಳಲ್ಲಿ ಇದನ್ನು ಬರೆದಿದ್ದೇನೋ ಲೆಕ್ಕವಿಲ್ಲ. ತುಂಬಿದರೆ ಅಂಕ, ಗೊತ್ತಿಲ್ಲವೆಂದು ಪ್ರಾಮಾಣಿಕವಾಗಿ ಬಿಟ್ಟವನಿಗೂ ಸೊನ್ನೆ, ತಪ್ಪು ತುಂಬಿದವನಿಗೂ ಸೊನ್ನೆ, ಊಹೆ ಮಾಡಿ ತುಂಬಿದವನಿಗೆ ಅದೃಷ್ಟವಿದ್ದರೆ ಒಂದು. ಹದಿನೈದು ವರ್ಷ ಹೀಗೆ ಬೆಳೆಸಿದ ಮೇಲೆ ಖಾಲಿ ಜಾಗವನ್ನು ಕಂಡರೆ ಕೈ ತಾನಾಗಿ ಬರೆಯತೊಡಗುತ್ತದೆ.

ಇನ್ನು ಅವಳ ವಾದದಲ್ಲಿ ಹುರುಳಿಲ್ಲವೆಂದೂ ಹೇಳಲಾಗದು. ನೆರೆಯ ಕೇಂದ್ರಗಳಿಂದ ಊಹಿಸಿ ತುಂಬುವುದು ವಿಜ್ಞಾನಿಗಳೂ ಒಪ್ಪಿರುವ ಕ್ರಮ. ಅದನ್ನು ಮಾಡದೆ ಈ ಶಾಸ್ತ್ರ ಒಂದು ಹೆಜ್ಜೆಯೂ ಮುಂದೆ ಹೋಗಲಾರದು. ಆದರೆ ನಮ್ಮ ಸೀಮೆಯ ಮಳೆಯ ಸ್ವಭಾವವನ್ನು ನೋಡಿ. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮಿಕ್ಕಿ ಸುರಿಯುತ್ತದೆ. ಘಟ್ಟದ ತಲೆಯಿಂದ ಪೂರ್ವಕ್ಕೆ ಇಳಿಯುತ್ತ ಶಿವಮೊಗ್ಗಕ್ಕೆ ಬರುವ ಹೊತ್ತಿಗೆ ಅದು ಒಂದು ಸಾವಿರವನ್ನೂ ಮುಟ್ಟುವುದಿಲ್ಲ. ಬಸ್ಸಿನಲ್ಲಿ ಎರಡು ಮೂರು ಗಂಟೆಯ ದಾರಿ. ಇಂಥ ಕಡೆ ಎಡಗಡೆಯ ಊರನ್ನೂ ಬಲಗಡೆಯ ಊರನ್ನೂ ಕೂಡಿಸಿ ಎರಡರಿಂದ ಭಾಗಿಸಿದರೆ ನಡುವಿನ ಊರಿನ ಮಳೆ ಸಿಕ್ಕೀತೆಂಬುದು ಭರವಸೆಯ ಮಾತೇ ಹೊರತು ಅಳತೆಯ ಮಾತಲ್ಲ. ಅದಕ್ಕಿಂತ ಹೆಚ್ಚಾಗಿ, ಸರಾಸರಿ ಎಂಬುದು ಸಾಧುಪ್ರಾಣಿ; ಅದಕ್ಕೆ ಪ್ರವಾಹ ಗೊತ್ತಿಲ್ಲ. ಕೆರೆ ಕೋಡಿ ಒಡೆದುಕೊಂಡು ಹೋದದ್ದು ಆ ಹನ್ನೊಂದು ದಿನಗಳಲ್ಲೇ ಆಗಿದ್ದರೆ, ಅವಳ ಕೋಷ್ಟಕದಲ್ಲಿ ಆ ದಿನ ತಣ್ಣಗೆ ಜಿಟಿಜಿಟಿ ಮಳೆ.

ಆದರೂ ಲೆಕ್ಕ ಸರಿಯೋ ತಪ್ಪೋ ಎಂಬುದು ನನ್ನ ಪ್ರಶ್ನೆಯಲ್ಲ. ಆ ಹನ್ನೊಂದು ಅಂಕಿಗಳೂ ದೈವಯೋಗದಿಂದ ನಿಜವಾದ ಮಳೆಗೆ ಸರಿಯಾಗಿಯೇ ಹೊಂದಿದವೆಂದು ಇಟ್ಟುಕೊಳ್ಳೋಣ. ಆಗಲೂ ತಪ್ಪು ತಪ್ಪೇ ಎಂದು ನನಗೆ ಅನ್ನಿಸುತ್ತದೆ. ಏಕೆ? ನಮ್ಮ ನೈಯಾಯಿಕರು ತಿಳಿವಿಗೆ ನಾಲ್ಕು ದಾರಿಗಳನ್ನು ಹೇಳುತ್ತಾರಷ್ಟೆ: ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ. ಹೊಗೆಯನ್ನು ಕಂಡು ಬೆಂಕಿಯಿದೆ ಎನ್ನುವವನನ್ನು ಅವರು ಸುಳ್ಳುಗಾರನೆನ್ನಲಿಲ್ಲ; ಅನುಮಾನವೂ ಗೌರವಸ್ಥವಾದ ಪ್ರಮಾಣವೇ. ಆದರೆ ಹೊಗೆಯನ್ನು ಕಂಡವನು ಊರಿಗೆ ಬಂದು 'ಬೆಂಕಿಯನ್ನು ಕಣ್ಣಾರೆ ಕಂಡೆ' ಎಂದರೆ? ಬೆಂಕಿ ಅಲ್ಲಿ ಇದ್ದೇ ಇರಬಹುದು. ಅವನು ಹೇಳಿದ ಸುಳ್ಳು ಬೆಂಕಿಯ ವಿಷಯದಲ್ಲಿ ಅಲ್ಲ, ತನ್ನ ಕಣ್ಣಿನ ವಿಷಯದಲ್ಲಿ. 'ದಾಖಲಾದ ಮಳೆ' ಎಂಬ ಎರಡು ಪದಗಳಲ್ಲಿ ಆದದ್ದು ಇದೇ.

ಮಳೆಯ ಲೆಕ್ಕವೆಲ್ಲ ಕಡೆಗೆ ನಿಂತಿರುವುದು ನಾಲ್ಕನೆಯ ಪ್ರಮಾಣದ ಮೇಲೆ, ಶಬ್ದದ ಮೇಲೆ. ಎಂದರೆ, ನಂಬತಕ್ಕವನೊಬ್ಬನ ಮಾತಿನ ಮೇಲೆ. ಆ ಆಪ್ತ ಯಾರು? ವೇದಕಾಲದ ಋಷಿಯಲ್ಲ, ಎಂಟೂವರೆಗೆ ಜಾಡಿ ಹಿಡಿದು ಬಯಲಿಗೆ ಹೋದ ಒಬ್ಬ ಜವಾನ. ಅವನ ಹೆಸರು ಯಾವ ಗ್ರಂಥದಲ್ಲೂ ಇಲ್ಲ. ಅವನು ಕಂಡದ್ದನ್ನು ಬರೆದ, ಕಾಣದ ದಿನ ಖಾಲಿ ಬಿಟ್ಟ. ಭಾನುವಾರ ಸೊನ್ನೆ ಬರೆದವನಿಗಿಂತ, ಹನ್ನೊಂದು ದಿನ ಖಾಲಿ ಬಿಟ್ಟವನ ಮೇಲೆ ನನಗೆ ಹೆಚ್ಚು ಗೌರವ. ಅವನು ನೌಕರಿಯಲ್ಲಿ ತಪ್ಪಿರಬಹುದು, ಮಾತಿನಲ್ಲಿ ತಪ್ಪಲಿಲ್ಲ.

ಏನು ಅಳೆದೆ ಎಂಬುದರಷ್ಟೇ ಹೇಗೆ ಅಳೆದೆ ಎಂದು ಹೇಳುವುದೂ ಮುಖ್ಯ ಎಂಬುದಕ್ಕೆ ಕಡಲಿನವರ ಒಂದು ಕಥೆಯಿದೆ. ಸಮುದ್ರದ ಮೇಲ್ಮೈಯ ಶಾಖವನ್ನು ಹಿಂದೆ ಹಡಗಿನವರು ಅಳೆಯುತ್ತಿದ್ದುದು ಬಕೆಟ್ಟಿನಿಂದ. ಹಗ್ಗ ಕಟ್ಟಿ ಇಳಿಬಿಡುವುದು, ನೀರೆತ್ತುವುದು, ಉಷ್ಣಮಾಪಕ ಅದ್ದುವುದು. ಹಲವು ಕಡೆ ಬಕೆಟ್ಟು ಕ್ಯಾನ್‌ವಾಸಿನದು. ಹಿಂದೆ ಬೇಸಗೆಯಲ್ಲಿ ಬಸ್ಸು ಲಾರಿಗಳಿಗೆ ತಗಲಿಹಾಕುತ್ತಿದ್ದ ಕ್ಯಾನ್‌ವಾಸಿನ ನೀರಿನ ಚೀಲವನ್ನು ಕಂಡವರಿಗೆ ಅದರೊಳಗಿನ ನೀರು ಏಕೆ ತಂಪಾಗುತ್ತದೆಂದು ಹೇಳಬೇಕಾಗಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಳತೆಗಳು ಹೆಚ್ಚಾಗಿ ಬಂದದ್ದು ಅಮೆರಿಕದ ಹಡಗುಗಳಿಂದ. ಅವರು ಎಂಜಿನ್ನಿಗೆ ಒಳಸೇರುವ ನೀರನ್ನು ಅಳೆಯುತ್ತಿದ್ದರು, ಅದು ಒಂದಿಷ್ಟು ಬೆಚ್ಚಗೆ. ೧೯೪೫ರಲ್ಲಿ ಯುದ್ಧ ಮುಗಿದೊಡನೆ ಬ್ರಿಟಿಷ್ ಹಡಗುಗಳ ಬಕೆಟ್ಟಿನ ಅಳತೆಗಳು ಹೆಚ್ಚಾದವು. ಲೆಕ್ಕದಲ್ಲಿ ಜಗತ್ತಿನ ಕಡಲೆಲ್ಲ ಒಮ್ಮೆಗೇ ತಣ್ಣಗಾದಂತೆ ಕಂಡಿತು. ಅದು ಕಡಲಿನ ಗುಣವಲ್ಲ, ಬಕೆಟ್ಟಿನ ಗುಣ ಎಂದು ಸ್ಪಷ್ಟವಾದದ್ದು ೨೦೦೮ರಲ್ಲಿ! ಅಲ್ಲಿಯವರೆಗೆ ಅರುವತ್ತು ವರ್ಷ ಆ ಇಳಿತ ನಕ್ಷೆಗಳಲ್ಲಿ ಇತ್ತು. ಯಾವ ಹಡಗು, ಯಾವ ದೇಶದ್ದು ಎಂಬ ವಿವರವನ್ನು ಯಾರೋ ಬೇಸರಪಡದೆ ಉಳಿಸಿದ್ದರಿಂದಲೇ ಅದನ್ನು ಕಂಡುಹಿಡಿಯುವುದಾಯಿತು.

'ಯಾರು ಓದುತ್ತಾರೆ' ಎಂಬ ಮಾತಿಗೆ ಮೇಷ್ಟ್ರುಗಳು ಸಾಮಾನ್ಯವಾಗಿ ಕೊಡುವ ಉತ್ತರ ಒಂದುಂಟು. ನಾನೂ ಅಂದು ಅದನ್ನೇ ಕೊಟ್ಟೆ. ನಾರ್ವೆಯ ನಾನ್ಸೆನ್ ಎಂಬ ಸಾಹಸಿ ೧೮೯೩ರಿಂದ ೧೮೯೬ರವರೆಗೆ ತನ್ನ ಹಡಗನ್ನು ಉತ್ತರ ಧ್ರುವದ ಕಡಲಿನ ಮಂಜುಗಡ್ಡೆಗೆ ಸಿಕ್ಕಿಸಿ ತೇಲಲು ಬಿಟ್ಟ. ಮಂಜುಗಡ್ಡೆ ಗಾಳಿ ಬೀಸಿದ ಕಡೆಗೇ ಹೋಗದೆ ಅದರಿಂದ ಇಪ್ಪತ್ತು ನಲವತ್ತು ಡಿಗ್ರಿ ಬಲಕ್ಕೆ ಸರಿಯುವುದನ್ನು ಕಂಡು, ಕಂಡಂತೆಯೇ ಬರೆದಿಟ್ಟ. ಊರಿಗೆ ಬಂದ ಮೇಲೆ ಬ್ಯೆರ್ಕ್ನೆಸ್ ಎಂಬ ಪ್ರಾಧ್ಯಾಪಕನಿಗೆ, ಇದನ್ನು ಯಾರಾದರೂ ವಿದ್ಯಾರ್ಥಿಯ ಕೈಲಿ ಬಿಡಿಸು ಎಂದು ಹೇಳಿದ. ಆ ವಿದ್ಯಾರ್ಥಿ ಸ್ವೀಡನ್ನಿನ ಎಕ್ಮನ್. ಭೂಮಿಯ ತಿರುಗುವಿಕೆಯೇ ಇದಕ್ಕೆ ಕಾರಣವೆಂದೂ, ನೀರಿನ ಪದರದಿಂದ ಪದರಕ್ಕೆ ಈ ಬಲಬಾಗು ಹೆಚ್ಚುತ್ತ ಹೋಗುತ್ತದೆಂದೂ ೧೯೦೨ರ ತನ್ನ ಪ್ರಬಂಧದಲ್ಲಿ ತೋರಿಸಿದ. ಮಳೆಗಾಲದಲ್ಲಿ ಕೇರಳದಿಂದ ನಮ್ಮ ಮಂಗಳೂರಿನ ಕಡೆಯವರೆಗೆ ತೀರದ ಮೇಲ್ನೀರು ಹೊರಕ್ಕೆ ಸರಿದು, ಅಡಿಯ ತಣ್ಣೀರು ಸಾರವನ್ನು ಹೊತ್ತು ಮೇಲೆ ಬರುವುದನ್ನು ಇಂದಿಗೂ ಅದೇ ಲೆಕ್ಕದಿಂದ ವಿವರಿಸುತ್ತಾರೆ. ಬೂತಾಯಿ ಬಂಗುಡೆಗಳು ಹೊಟ್ಟೆತುಂಬ ಉಣ್ಣುವುದು ಆ ಸಾರದ ಬಲದಿಂದ. ಒಬ್ಬ ವಿದ್ಯಾರ್ಥಿಯ ಪ್ರಾಜೆಕ್ಟು ನೋಡು, ಎಂದೆ.

ಹೇಳಿ ಮುಗಿಸುವಷ್ಟರಲ್ಲಿ ನನಗೇ ನಾಚಿಕೆಯಾಯಿತು. ಇದು ಲಾಟರಿ ಟಿಕೆಟು ಮಾರುವವನ ಮಾತು. ಎಲ್ಲರೂ ಎಕ್ಮನ್ನರಾಗುವುದಿಲ್ಲ. ಅವಳ ಪ್ರಬಂಧವನ್ನು ಯಾರೂ ಓದದೆಯೇ ಹೋಗಬಹುದು; ಹೋಗುವ ಸಂಭವವೇ ಹೆಚ್ಚು. ಮುಂದೆ ಪ್ರಸಿದ್ಧಿ ಬಂದೀತೆಂದು ನಿಜ ಬರೆಯಬೇಕಾದರೆ, ಪ್ರಸಿದ್ಧಿ ಬರುವುದಿಲ್ಲವೆಂದು ಖಾತ್ರಿಯಾದ ದಿನ ಬರೆಯಬೇಕಾದದ್ದಿಲ್ಲವೇ?

ಆಗ ಅವಳಿಗೆ ನನ್ನ ಸ್ವಂತದ ಒಂದು ಸಂಗತಿಯನ್ನು ಹೇಳಿದೆ. ಅದನ್ನು ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ.

ನಮ್ಮ ಹಳ್ಳಿಯ ಕೆರೆ ಏರಿಯ ಮೇಲೆ ಒಂದು ವೀರಗಲ್ಲಿದೆ. ತುರುಗಳನ್ನು ಕಾಯುತ್ತ ಸತ್ತವನದು. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ಅಪ್ಸರೆಯರು, ಮೇಲೆ ಶಿವಸನ್ನಿಧಿ; ಎಲ್ಲ ಕಡೆ ಇರುವಂತೆಯೇ. ಪಟ್ಟಿಗಳ ಸಂದಿನಲ್ಲಿ ನಾಲ್ಕು ಸಾಲು ಬರಹ. ಎಂ.ಎ. ಎರಡನೆಯ ವರ್ಷದ ಕಿರುಪ್ರಬಂಧಕ್ಕೆ ಆ ಭಾಗದ ಕಲ್ಲುಗಳನ್ನು ಓದುವ ಕೆಲಸ ಹಿಡಿದಿದ್ದೆ. ಮೂರನೆಯ ಸಾಲಿನಲ್ಲಿ, ಸತ್ತವನ ಹೆಸರು ಇರಬೇಕಾದಲ್ಲಿ, ಮೊದಲ ಮೂರು ಅಕ್ಷರ ಸವೆದುಹೋಗಿವೆ. ಕಡೆಯ ಎರಡು ಉಳಿದಿವೆ. ಇಂಥ ಕಡೆ ಏನು ಮಾಡಬೇಕೆಂಬುದು ನಮ್ಮ ಶಾಸ್ತ್ರದಲ್ಲಿ ಇತ್ಯರ್ಥವಾದ ವಿಷಯ. ಹೋದ ಅಕ್ಷರಗಳಿಗೆ ಚುಕ್ಕಿ; ಊಹಿಸಿದವಕ್ಕೆ ಕಂಸ. ಎಪಿಗ್ರಾಫಿಯ ಕರ್ನಾಟಿಕದ ಯಾವ ಸಂಪುಟವನ್ನು ತೆರೆದರೂ ಸಾಲುಸಾಲು ಚುಕ್ಕಿಗಳು ಕಾಣುತ್ತವೆ. ವಿದ್ಯಾರ್ಥಿಯಾಗಿದ್ದಾಗ ನನಗೆ ಅವು ವಿದ್ವಾಂಸರ ಸೋಲಿನ ಗುರುತುಗಳಂತೆ ಕಾಣುತ್ತಿದ್ದವು. ಹೆಸರಿಲ್ಲದ ವೀರನನ್ನು ಇಟ್ಟುಕೊಂಡು ಪ್ರಬಂಧ ಸೊರಗುತ್ತದೆಂದು ಹೆದರಿ, ಆ ಕಾಲಕ್ಕೆ ಒಪ್ಪುವ ಮೂರು ಅಕ್ಷರಗಳನ್ನು ಹೊಂದಿಸಿದೆ. ಕಂಸ ಹಾಕಲಿಲ್ಲ. ಪರೀಕ್ಷಕರು ಓದನ್ನು ಮೆಚ್ಚಿದರು.

ಇದು ಕಪಾಟಿನಲ್ಲೇ ಸತ್ತಿದ್ದರೆ ನನ್ನ ಮನಸ್ಸಾಕ್ಷಿಯ ವಿಷಯವಾಗಿ ಉಳಿಯುತ್ತಿತ್ತು. ಊರಿನ ಯುವಕರಿಗೆ ಹೇಗೋ ಪ್ರಬಂಧದ ಪ್ರತಿ ಸಿಕ್ಕಿತು. ಕೆಲವು ವರ್ಷಗಳ ಮೇಲೆ ಹೋಗಿ ನೋಡುತ್ತೇನೆ, ಕಲ್ಲಿನ ಪಕ್ಕದಲ್ಲಿ ಹಳದಿ ಬಣ್ಣದ ತಗಡಿನ ಹಲಗೆ, ಅದರ ಮೇಲೆ ನಾನು ಹುಟ್ಟಿಸಿದ ಹೆಸರು, ಹೆಸರಿನ ಮುಂದೆ 'ವೀರ' ಎಂಬ ವಿಶೇಷಣ. ವರ್ಷಕ್ಕೊಂದು ಪೂಜೆಯೂ ನಡೆಯುತ್ತದಂತೆ. ಅದೇ ಸಂಜೆ ಓರೆ ಬಿಸಿಲಿನಲ್ಲಿ ಸವೆದ ಜಾಗವನ್ನು ನೋಡಿದಾಗ, ಮೊದಲ ಅಕ್ಷರದ ಅಡಿಯಲ್ಲಿ ಒಂದು ಒತ್ತಿನ ತುಂಡು ಕಾಣಿಸಿತು. ನಾನು ಹಾಕಿದ ಅಕ್ಷರಕ್ಕೆ ಅಲ್ಲಿ ಒತ್ತು ಇರುವಂತಿಲ್ಲ. ಆ ಹೆಸರು ಅವನದಲ್ಲ. ಅದನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಇನ್ನೊಂದು ಸಲ ಅಚ್ಚಾದಂತಾಗುತ್ತದೆ. ದನಗಳಿಗಾಗಿ ಪ್ರಾಣ ಕೊಟ್ಟವನಿಗೆ ಕಾಲ ಉಳಿಸಿದ್ದುದು ಮೂರು ಅಕ್ಷರದಷ್ಟು ಖಾಲಿ ಜಾಗ. ಅದನ್ನೂ ನಾನು ಕಸಿದುಕೊಂಡೆ. ಖಾಲಿ ಇದ್ದಿದ್ದರೆ ಯಾರಾದರೂ ಮತ್ತೆ ಬಂದು ನೋಡುತ್ತಿದ್ದರು. ತುಂಬಿದ ಜಾಗವನ್ನು ಯಾರು ನೋಡುತ್ತಾರೆ?

ಆ ಮೇಲೆ ನನಗೆ ತಿಳಿದ ಒಂದು ವಿಷಯದಿಂದ ಸ್ವಲ್ಪ ಸಮಾಧಾನವಾಯಿತು. ಹವಾಯಿ ದ್ವೀಪದ ಮೌನಾ ಲೋವಾ ಬೆಟ್ಟದ ಮೇಲೆ ಕೀಲಿಂಗ್ ಎಂಬವನು, ಮೂವತ್ತು ತುಂಬದ ತರುಣನಾಗಿದ್ದಾಗ, ೧೯೫೮ರ ಮಾರ್ಚಿಯಲ್ಲಿ ಗಾಳಿಯ ಇಂಗಾಲದ ಡೈ ಆಕ್ಸೈಡನ್ನು ಅಳೆಯತೊಡಗಿದ. ಆಗ ಅದು ಹತ್ತು ಲಕ್ಷಕ್ಕೆ ೩೧೩ರಷ್ಟು. ಈಗ ೪೨೦ನ್ನು ದಾಟಿದೆ. ಹವಾಮಾನದ ಬದಲಾವಣೆಯ ವಿಷಯದಲ್ಲಿ ಜಗತ್ತು ಎಲ್ಲಕ್ಕಿಂತ ಹೆಚ್ಚು ನಂಬುವ ಲೆಕ್ಕ ಅದು. ಅದರಲ್ಲೂ ಖಾಲಿ ಜಾಗವಿದೆ! ೧೯೬೪ರಲ್ಲಿ ಹಣ ಕಡಿತವಾಗಿ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ತಿಂಗಳ ಲೆಕ್ಕ ತಪ್ಪಿತು. ಕೀಲಿಂಗನ ಸಂಸ್ಥೆಯವರು ಇಟ್ಟಿರುವ ಕೋಷ್ಟಕದಲ್ಲಿ ಆ ಮೂರು ತಿಂಗಳ ಎದುರಿಗೆ ಇರುವುದು -೯೯.೯೯. ಗಾಳಿಯಲ್ಲಿ ಏನೇ ಇದ್ದರೂ ಸೊನ್ನೆಗಿಂತ ಕಡಿಮೆ ಇರಲಾರದಷ್ಟೆ. ಆದ್ದರಿಂದಲೇ ಆ ಅಂಕಿಯನ್ನು ಆರಿಸಿದ್ದಾರೆ, ಯಾರೂ ಮೋಸಹೋಗದಿರಲೆಂದು. ಲೆಕ್ಕದಿಂದ ತುಂಬಿದ್ದನ್ನು ಬೇರೆ ಅಂಕಣದಲ್ಲಿ ಕೊಡುತ್ತಾರೆ. ನಮ್ಮ ಚುಕ್ಕಿ, ನಮ್ಮ ಕಂಸ! ಶಾಸನದವರೂ ಗಾಳಿಯವರೂ ಒಬ್ಬರನ್ನೊಬ್ಬರು ಕೇಳದೆ ಒಂದೇ ಮರ್ಯಾದೆಗೆ ಬಂದಿದ್ದಾರೆ.

ಹುಡುಗಿ ಎಲ್ಲವನ್ನೂ ಕೇಳಿಕೊಂಡು ಹೋದಳು. ನಾಲ್ಕು ದಿನದ ಮೇಲೆ ತಿದ್ದಿದ ಪ್ರತಿ ಬಂತು. ಹನ್ನೊಂದು ಮನೆಗಳಲ್ಲಿ ಚುಕ್ಕಿಗಳು. ಪಕ್ಕದ ಅಂಕಣದಲ್ಲಿ 'ಊಹಿಸಿದ ಮಳೆ' ಎಂದು ಅವಳ ಸರಾಸರಿ. ಭಾನುವಾರದ ಸೊನ್ನೆಗಳನ್ನು ಕುರಿತು ಪ್ರತ್ಯೇಕವಾಗಿ ಒಂದು ಪುಟವನ್ನೇ ಬರೆದಿದ್ದಳು. ಅದನ್ನು ನಾನು ಹೇಳಿರಲಿಲ್ಲ. ಆ ಮೂರು ವರ್ಷಗಳ ದಿನವಾರು ಲೆಕ್ಕವನ್ನು ನಂಬಬಾರದೆಂದೂ, ವಾರದ ಮೊತ್ತವನ್ನು ನಂಬಬಹುದೆಂದೂ ವಿಂಗಡಿಸಿದ್ದಳು. ಪ್ರಬಂಧದಲ್ಲೆಲ್ಲ ಒಳ್ಳೆಯ ಪುಟ ಅದೇ.

ಇಲ್ಲಿಗೆ ನಿಲ್ಲಿಸಿದರೆ ಕಥೆ ಚೆನ್ನಾಗಿರುತ್ತದೆ. ಆದರೆ ಸಂದರ್ಶನದ ದಿನ ಹೊರಗಿನಿಂದ ಬಂದ ಪರೀಕ್ಷಕರು ತುಂಡಾದ ಗ್ರಾಫನ್ನು ಕಂಡು, ಪರಿಪೂರ್ಣವಲ್ಲದ ದತ್ತಾಂಶದ ಮೇಲೆ ಏಕೆ ಕೆಲಸಮಾಡಿದೆ ಎಂದು ಕೇಳಿದರಂತೆ. ಅಂಕಗಳು ಅವಳು ಎಣಿಸಿದ್ದಕ್ಕಿಂತ ಕಡಿಮೆ ಬಂದವು. ಅದೇ ತರಗತಿಯ ಇನ್ನೊಂದು ಪ್ರಾಜೆಕ್ಟು, ಒಂದು ಚುಕ್ಕಿಯೂ ಇಲ್ಲದ್ದು, ಮೇಲೆ ಹೋಯಿತು.

ಇದನ್ನು ಕೇಳಿದಾಗಿನಿಂದ ನನ್ನನ್ನು ಕಾಡುತ್ತಿರುವ ಪ್ರಶ್ನೆ ಬೇರೆ. ನಿಜ ಹೇಳು ಎಂದು ಇನ್ನೊಬ್ಬರಿಗೆ ಹೇಳುವ ಹಕ್ಕು ಯಾರಿಗಿದೆ? ಬೆಲೆ ತೆತ್ತವಳು ಅವಳು. ನನಗೆ ತಿಂಗಳ ಮೊದಲ ವಾರ ಸಂಬಳ ತಪ್ಪದೆ ಬರುತ್ತದೆ. ಕಂಸ ಹಾಕದ ಪ್ರಬಂಧಕ್ಕೆ ಬಂದ ಅಂಕಗಳೂ ಆ ಸಂಬಳದ ಬುನಾದಿಯಲ್ಲಿ ಎಲ್ಲೋ ಒಂದು ಕಲ್ಲಾಗಿವೆ. ಅಣ್ಣಾ ಮಣಿಯವರ ವಿಷಯ ನೆನಪಾಗುತ್ತದೆ. ೧೯೪೦ರ ದಶಕದಲ್ಲಿ ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ರಾಮನ್ನರ ಬಳಿ ವಜ್ರಗಳ ಮೇಲೆ ವರ್ಷಗಟ್ಟಲೆ ದುಡಿದು ಪ್ರಬಂಧ ಬರೆದರೂ, ಎಂ.ಎಸ್ಸಿ. ಇಲ್ಲವೆಂಬ ಕಾರಣಕ್ಕೆ ಮದರಾಸು ವಿಶ್ವವಿದ್ಯಾಲಯ ಅವರಿಗೆ ಡಾಕ್ಟರೇಟ್ ಕೊಡಲಿಲ್ಲ. ಅವರು ಮುಂದೆ ಪುಣೆಯಲ್ಲಿ ಹವಾಮಾನದ ಉಪಕರಣಗಳನ್ನು ಈ ದೇಶದಲ್ಲೇ ತಯಾರಿಸುವ ಕೆಲಸಕ್ಕೆ ನಿಂತರು. ತಪ್ಪು ಅಳತೆಗಿಂತ ಅಳತೆಯೇ ಇಲ್ಲದಿರುವುದು ಲೇಸೆಂಬುದು ಅವರ ನಿಲುವಾಗಿತ್ತು. ಅವರು ಹೇಳಿದರೆ ಆ ಮಾತಿಗೆ ತೂಕವಿದೆ. ನಾನು ಹೇಳಿದರೆ?

ಅಂಕಪಟ್ಟಿ ತೋರಿಸಲು ಬಂದಾಗ ಹುಡುಗಿ ದೂರಲಿಲ್ಲ. ಹೊರಡುವ ಮುಂಚೆ, "ಸಾರ್, ಊರಲ್ಲಿ ಆ ಬೋರ್ಡು ಇನ್ನೂ ಹಾಗೇ ಇದೆಯಾ?" ಎಂದಳು. ಇದೆ ಎಂದೆ.

ಹೋದ ತಿಂಗಳು ಒಂದು ಭಾನುವಾರ ಊರಿಗೆ ಹೋದೆ. ಮಳೆ ಚೆನ್ನಾಗಿಯೇ ಬರುತ್ತಿತ್ತು. ಯುವಕ ಸಂಘದ ಅಧ್ಯಕ್ಷನನ್ನು ಕಂಡು, ಹೆಸರು ತಪ್ಪು, ಓದಿದವನು ನಾನೇ, ಅಳಿಸಿಬಿಡಿ ಎಂದೆ. ಅವನು ನನ್ನನ್ನು ಕೂರಿಸಿ ಕಾಫಿ ಕೊಡಿಸಿದ. ಬಹಳ ಹೊತ್ತು ಯೋಚಿಸಿ, "ಅಲ್ಲ ಮೇಷ್ಟ್ರೇ, ಹಾಗಾದರೆ ಅಲ್ಲಿ ಏನೂಂತ ಬರೆಸೋದು?" ಎಂದು ಕೇಳಿದ. ಮೂರು ಚುಕ್ಕಿ, ಆಮೇಲೆ ಉಳಿದ ಎರಡು ಅಕ್ಷರ ಎಂದೆ. ಸಭೆಯಲ್ಲಿ ಇಡುತ್ತೇನೆ ಎಂದಿದ್ದಾನೆ.